ಸಿಗರೇಟು ತಡೆಯಲು ಆ್ಯಪ್: ಯಾವ ಮಗುವಿಗೆ ಯಾವುದು

ತಂಬಾಕಿನ ವಿರುದ್ಧದ ಮೊಬೈಲ್ ಆ್ಯಪ್‌ಗಳಲ್ಲಿ ಎರಡು ಬಗೆ. ಒಂದು ಇನ್ನೂ ಸೇದದ ಮಗುವಿಗೆ, ಇನ್ನೊಂದು ಸೇದಲು ಶುರುಮಾಡಿದ ಮಗುವಿಗೆ. ಸ್ಮಾರ್ಟ್ ಕ್ಲಾಸ್ ಇರುವ ಪ್ರೌಢಶಾಲೆಗಳ ಶಿಕ್ಷಕರು "ಯಾವುದಾದ್ರೂ ಒಂದು ಒಳ್ಳೇ ಆ್ಯಪ್ ಹೇಳಿ ಸಾರ್" ಎಂದು ಕೇಳುವುದುಂಟು. ಒಂದರಲ್ಲಿ ಎರಡೂ ಕೆಲಸ ಆಗುವುದಿಲ್ಲ. ಹೆದರಿಸುವ ಆ್ಯಪನ್ನು ಆಗಲೇ ಚಟ ಹತ್ತಿದ ಹುಡುಗನಿಗೆ ತೋರಿಸಿದರೆ ಅವನು ನಕ್ಕು ಹೊರಗೆ ಹೋಗಿ ಇನ್ನೊಂದು ಹಚ್ಚುತ್ತಾನೆ. ಬಿಡಿಸುವ ಆ್ಯಪನ್ನು ಸೇದದವರಿಗೆ ಕೊಟ್ಟರೆ ಅದರಲ್ಲಿ ತುಂಬಲು ಅವರ ಬಳಿ ಏನೂ ಇರುವುದಿಲ್ಲ.

ಎಷ್ಟನೇ ತರಗತಿಯಿಂದ ಶುರುಮಾಡಬೇಕು? 13ರಿಂದ 15 ವರ್ಷದ ಶಾಲಾಮಕ್ಕಳ ಮೇಲೆ 2019ರಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ. 8.5 ಮಕ್ಕಳು ಯಾವುದೋ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದಿದವರಲ್ಲಿ ಶೇ. 38 ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಮೊದಲ ದಮ್ಮು ಎಳೆದಿದ್ದರು. ಹಾಗಾಗಿ ಎಸ್ಸೆಸ್ಸೆಲ್ಸಿವರೆಗೆ ಕಾಯಬೇಡಿ. ಏಳನೇ ತರಗತಿ ಸರಿಯಾದ ಕಾಲ.

ಮೊದಲ ಬಗೆಯಲ್ಲಿ ಹೆಸರಾದದ್ದು ಸ್ಮೋಕರ್‌ಫೇಸ್. ತಂಬಾಕಿನ ವಿರುದ್ಧ ಶಾಲೆಗಳಲ್ಲಿ ಪಾಠ ಮಾಡುವ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿಗಳ ಬಳಗದಿಂದ ಬಂದದ್ದು. ಸೆಲ್ಫಿ ತೆಗೆದರೆ, ದಿನಕ್ಕೆ ಒಂದು ಪ್ಯಾಕ್ ಸೇದಿದಾಗ ಕೆಲವು ವರ್ಷಗಳಲ್ಲಿ ಅದೇ ಮುಖ ಹೇಗಾಗುತ್ತದೆ, ಸೇದದಿದ್ದರೆ ಹೇಗಿರುತ್ತದೆ ಎಂದು ತೋರಿಸುತ್ತದೆ. ಜರ್ಮನಿ, ಬ್ರೆಜಿಲ್ ಶಾಲೆಗಳಲ್ಲಿ ಇದನ್ನು ಪ್ರಯೋಗಿಸಿದ ಕ್ರಮದಲ್ಲೇ ಅದರ ಗುಟ್ಟಿದೆ: ಬದಲಾದ ಮುಖವನ್ನು ಇಡೀ ತರಗತಿಯ ಎದುರು ಗೋಡೆಯ ಮೇಲೆ ಮೂಡಿಸುತ್ತಾರೆ. ಹದಿನಾಲ್ಕರ ಹುಡುಗನಿಗೆ ಶ್ವಾಸಕೋಶದ ಕ್ಯಾನ್ಸರ್ ನಲವತ್ತು ವರ್ಷ ಆಚೆಯ ಮಾತು. ಪಕ್ಕದ ಬೆಂಚಿನವನು "ಅಯ್ಯೋ, ಏನೋ ಇದು!" ಅನ್ನುವುದು ಈ ಕ್ಷಣದ್ದು. ಪಾಠ ಮಾಡುವುದು ಚಿತ್ರಕ್ಕಿಂತ ಹೆಚ್ಚಾಗಿ ಸಹಪಾಠಿಗಳ ಆ ಉದ್ಗಾರ.

ನಮ್ಮ ಕಡೆ ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ತರುವ ಅಗತ್ಯವೂ ಇಲ್ಲ. ಶಿಕ್ಷಕರ ಒಂದು ಫೋನ್ ಸಾಕು. ಆ್ಯಪನ್ನು ಒಂದು ವಾರ ಮೊದಲೇ ತೆರೆದು ನೋಡಿ. ಹಳೆಯ ಆ್ಯಪ್‌ಗಳು ಹೊಸ ಆಂಡ್ರಾಯ್ಡ್‌ನಲ್ಲಿ ಎಷ್ಟೋ ಸಲ ತೆರೆಯುವುದೇ ಇಲ್ಲ. ಕಳಸ, ಮೂಡಿಗೆರೆ, ಸಕಲೇಶಪುರದ ಒಳಹಳ್ಳಿಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿ ಪಾಠ ಯೋಜಿಸಬೇಡಿ. ಏರೋಪ್ಲೇನ್ ಮೋಡ್ ಹಾಕಿ ಆ್ಯಪ್ ನಡೆಯುತ್ತದೆಯೇ ಎಂದು ಪರೀಕ್ಷಿಸಿ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳ ಚಾರ್ಜಿಂಗ್ ತೂತಿನಿಂದ ಪ್ರೊಜೆಕ್ಟರಿಗೆ ಚಿತ್ರ ಹೋಗುವುದಿಲ್ಲ, ಕೇಬಲ್ ಸರಿಯಿದ್ದರೂ ಅಷ್ಟೇ. ಆಗ ಮುಖಗಳನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಂಡು ತೋರಿಸಬಹುದು.

ನಲವತ್ತು ನಿಮಿಷದ ಒಂದು ಪೀರಿಯಡ್ಡಿಗೆ ಮೂರು ಅಥವಾ ನಾಲ್ಕು ಮುಖ ಸಾಕು. ಮೊದಲನೆಯದು ಶಿಕ್ಷಕರದೇ ಆಗಲಿ, ಅಂಜಿಕೆ ಒಡೆಯುತ್ತದೆ. ಆಮೇಲೆ ತಾವಾಗಿ ಮುಂದೆ ಬಂದ, ಮನೆಯವರ ಒಪ್ಪಿಗೆ ಚೀಟಿ ತಂದ ಮಕ್ಕಳು ಮಾತ್ರ. ಕಿಟಕಿಯ ಬೆಳಕು ಎದುರಿನಿಂದ ಬೀಳುವಂತೆ, ಬರಿಯ ಗೋಡೆಯ ಮುಂದೆ ನಿಲ್ಲಿಸಿ. ಬೆಳಕು ಬೆನ್ನಿಗಿದ್ದರೆ ಆ್ಯಪ್ ಮುಖದ ಅಂಚು ಹಿಡಿಯುವುದಿಲ್ಲ. ಸೇದಿದ ಮುಖದ ಪಕ್ಕದಲ್ಲೇ ಸೇದದ ಮುಖವನ್ನೂ ಇಡಲೇಬೇಕು. ಇಲ್ಲದಿದ್ದರೆ ಮಕ್ಕಳು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಇಲ್ಲಿ ಕೆಡುವುದು ಮುಖ್ಯವಾಗಿ ಮೂರು ಕಡೆ. ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟು ಮಾಡಿದ ಆ್ಯಪ್ ನಮ್ಮ ಮಕ್ಕಳ ಮುಖವನ್ನು ಬೂದಿ ಬಣ್ಣಕ್ಕೆ ತಿರುಗಿಸಬಹುದು. ಆಗ ನಗು ಸಿಗರೇಟಿನ ಕಡೆಯಿಂದ ಮಗುವಿನ ಬಣ್ಣದ ಕಡೆಗೆ ಹೊರಳುತ್ತದೆ. ಹಾಗಾದ ಕೂಡಲೇ ನಿಲ್ಲಿಸಿ, ನಿಮ್ಮ ಮುಖಕ್ಕೆ ಮರಳಿ. ಮೊಡವೆ, ಸುಟ್ಟ ಗುರುತು ಇರುವ ಮಕ್ಕಳನ್ನು ಒತ್ತಾಯಿಸಲೇಬೇಡಿ. ಎರಡನೆಯದು, ಚಿತ್ರಗಳು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗುವುದು. ಪೀರಿಯಡ್ ಮುಗಿಯುವ ಮೊದಲೇ, ಮಕ್ಕಳ ಕಣ್ಣೆದುರೇ ಅಳಿಸಿ. ಗ್ಯಾಲರಿಯ ಕಸದಬುಟ್ಟಿಯಿಂದಲೂ ಅಳಿಸಿ. ಮೂರನೆಯದು, "ಸಾರ್, ನಾನು ದಿನಕ್ಕೆ ಒಂದೇ" ಅನ್ನುವ ಮಾತು. ಇದನ್ನು ಬೈದು ಬಾಯಿ ಮುಚ್ಚಿಸಬಾರದು. ಬೆಳೆಯುತ್ತಿರುವ ಮೆದುಳು ನಿಕೋಟಿನ್‌ಗೆ ಬೇಗ ಒಗ್ಗುತ್ತದೆ. ದಿನಾ ಸೇದುವ ಹಂತ ಮುಟ್ಟುವ ಮೊದಲೇ ಕೆಲವರಲ್ಲಿ ಚಡಪಡಿಕೆ ಶುರುವಾಗಿರುತ್ತದೆ. ಲೆಕ್ಕವನ್ನೂ ಬೋರ್ಡಿನ ಮೇಲೆ ಅವರಿಂದಲೇ ಮಾಡಿಸಿ: ಒಂದಕ್ಕೆ 18 ರೂಪಾಯಿ ಎಂದು ಹಿಡಿದರೆ, ದಿನಕ್ಕೆ ಮೂರರಂತೆ ವರ್ಷಕ್ಕೆ 19,710. ಕಬಡ್ಡಿ, ಖೋ ಖೋ ಆಡುವವರಿಗೆ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಹೇಳಿ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ, ಅದಕ್ಕೇ ರೈಡಿನ ನಡುವೆ ಉಸಿರು ಕೈಕೊಡುತ್ತದೆ.

ಅರಕಲಗೂಡು ತಾಲೂಕಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಹೊಗೆಸೊಪ್ಪು ಎಷ್ಟೋ ಮನೆಗಳ ಅನ್ನ, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. "ವಿಷ ಬೆಳೀತಾರೆ" ಎಂಬ ಒಂದು ಮಾತು ಬಿದ್ದರೆ ಆ ಮಗು ಅಪ್ಪನ ಪರ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಬದಲಿಗೆ ಅವರಿಗೆ ಗೊತ್ತಿರುವುದರಿಂದ ಶುರುಮಾಡಿ. ಒದ್ದೆ ಎಲೆ ಮುರಿದ ದಿನ ತಲೆ ಸುತ್ತಿ ವಾಂತಿಯಾಗುವುದು ಏಕೆ? ಚರ್ಮದ ಮೂಲಕ ಒಳಹೋದ ನಿಕೋಟಿನ್‌ನಿಂದ. ಉದ್ದ ತೋಳಿನ ಅಂಗಿ, ಕೈಗವಸು ಹಾಕಿ ಎಂದು ಹೇಳಿದರೆ ಪಾಠ ಮನೆಗೂ ತಲುಪುತ್ತದೆ.

ಈಗ ಎರಡನೇ ಬಗೆಗೆ ಬರೋಣ. ಸೇದಲು ಶುರುಮಾಡಿದ ಮಗುವಿಗೆ ಬೇಕಾದದ್ದು ದಿನಚರಿ, ನೆನಪೋಲೆ ಮತ್ತು ಮಾತಾಡಲು ಒಬ್ಬರು. ಅಮೆರಿಕದಲ್ಲಿ 13ರಿಂದ 17 ವರ್ಷದ ವೇಪಿಂಗ್ (ಇ-ಸಿಗರೇಟು) ಚಟದವರಿಗೆ ಬರಿಯ ಮೊಬೈಲ್ ಸಂದೇಶಗಳನ್ನು ಕಳಿಸಿ ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ ಏಳು ತಿಂಗಳ ಕೊನೆಗೆ ಸಂದೇಶ ಪಡೆದವರಲ್ಲಿ ಶೇ. 37.8, ಪಡೆಯದವರಲ್ಲಿ ಶೇ. 28 ಮಂದಿ ಬಿಟ್ಟಿದ್ದರು. ಪವಾಡವಲ್ಲ, ಆದರೆ ನೂರಕ್ಕೆ ಹತ್ತು ಮಕ್ಕಳು ಚಿಕ್ಕ ಸಂಖ್ಯೆಯೂ ಅಲ್ಲ.

ಮಾಡುವ ಕ್ರಮ ಹೀಗೆ. ಮೊದಲ ಏಳು ದಿನ ಬಿಡು ಅನ್ನಬೇಡಿ, ಬರೆದಿಡಲು ಹೇಳಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಆಸೆ ಹತ್ತಕ್ಕೆ ಎಷ್ಟು. ವಾರದ ಕೊನೆಗೆ ಸಾಮಾನ್ಯವಾಗಿ ಎರಡು ಮೂರು ಜಾಗಗಳೇ ಮತ್ತೆ ಮತ್ತೆ ಕಾಣುತ್ತವೆ: ಟ್ಯೂಷನ್‌ಗೂ ಕೊನೇ ಬಸ್ಸಿಗೂ ನಡುವಿನ ಅರ್ಧ ಗಂಟೆ, ಭಾನುವಾರದ ಕ್ರಿಕೆಟ್ ಮೈದಾನದ ಹಿಂಬದಿ. ಆ ಹೊತ್ತಿಗೆ ಹತ್ತು ನಿಮಿಷ ಮೊದಲು ರಿಮೈಂಡರ್ ಇಡಿ. ಬಿಡುವ ದಿನವನ್ನು ಎರಡು ವಾರದೊಳಗೆ ಗೊತ್ತುಮಾಡಿ, ಪರೀಕ್ಷೆಯ ವಾರ ಬೇಡ. ಬಿಟ್ಟ ಮೇಲೆ ಮೊದಲ ಎರಡು ಮೂರು ದಿನ ಕಷ್ಟ ಹೆಚ್ಚು: ಸಿಡಿಮಿಡಿ, ನಿದ್ದೆಗೇಡು, ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಒಂದೊಂದು ಸಲದ ಆಸೆ ಕೆಲವೇ ನಿಮಿಷದ್ದು. ನೀರು ಕುಡಿಯುವುದು, ಜಾಗ ಬಿಟ್ಟು ನಡೆಯುವುದು, ನಿಧಾನವಾಗಿ ಉಸಿರೆಳೆಯುವುದರಲ್ಲಿ ಅದು ದಾಟಿಹೋಗುತ್ತದೆ. ನಿಕೋಟಿನ್ ಚೂಯಿಂಗ್ ಗಮ್ಮನ್ನು ಮಕ್ಕಳಿಗೆ ಶಿಕ್ಷಕರಾಗಲಿ ಮೆಡಿಕಲ್ ಸ್ಟೋರಿನವರಾಗಲಿ ಕೊಡಬಾರದು. ಅದು ವೈದ್ಯರ ತೀರ್ಮಾನ.

ಬಹಳಷ್ಟು ಆ್ಯಪ್‌ಗಳು "ಸತತ ದಿನ" ಎಣಿಸುತ್ತವೆ. ಹದಿನೆಂಟನೇ ದಿನ ಒಂದು ಸೇದಿದರೆ ಎಣಿಕೆ ಸೊನ್ನೆಗೆ ಬೀಳುತ್ತದೆ, ಮಗು ಆ್ಯಪನ್ನೇ ಕಿತ್ತುಹಾಕುತ್ತದೆ. ಹದಿನೇಳು ದಿನ ಗೆದ್ದದ್ದು ಎಲ್ಲೂ ಹೋಗಿಲ್ಲ ಎಂದು ತಿಳಿಸಿ, ತಿಂಗಳಲ್ಲಿ ಒಟ್ಟು ಎಷ್ಟು ದಿನ ಎಂದು ಬೇರೆಯಾಗಿ ಬರೆಸಿ. ಪ್ಯಾಕೆಟ್ ತಂಬಾಕು ಹಾಕುವವರಿಗೆ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಬರಿ ಸಿಗರೇಟು ಲೆಕ್ಕದ ಆ್ಯಪ್ ಹೊಂದುವುದಿಲ್ಲ. ಅಲ್ಲಿ ಒಂದು ಪ್ಯಾಕೆಟ್ಟನ್ನು, ಒಂದು ಕವಳವನ್ನು ಒಂದು ಸಲ ಎಂದು ತುಂಬಿಸಿ.

ಎಲ್ಲಕ್ಕಿಂತ ದೊಡ್ಡ ತೊಡಕು, ಫೋನ್ ಮಗುವಿನದಲ್ಲ, ಅಪ್ಪನದೋ ಅಮ್ಮನದೋ ಆಗಿರುತ್ತದೆ. ರಾತ್ರಿ ಊಟದ ಹೊತ್ತಿಗೆ "ಇಂದು ಸಿಗರೇಟಿಲ್ಲದ ಮೂರನೇ ದಿನ" ಎಂಬ ಸಂದೇಶ ಅಪ್ಪನ ಕಣ್ಣಿಗೆ ಬಿದ್ದರೆ ಹೊಡೆತ ಬೀಳಬಹುದು. ಅಂಥ ಮನೆಯಲ್ಲಿ ಆ್ಯಪ್ ಬೇಡವೇ ಬೇಡ. ಅದೇ ದಿನಚರಿಯನ್ನು ರಟ್ಟಿನ ಕಾರ್ಡಿನಲ್ಲಿ ಗೆರೆ ಹಾಕಿ ಕೊಡಿ, ಅದು ಶಾಲೆಯಲ್ಲೇ ಇರಲಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಶಾಲೆಯ ಫೋನಿನಿಂದಲೇ ಕರೆ ಮಾಡಿಸಬಹುದು. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸು ತೀರ ಕುಗ್ಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ನೇರ ಭೇಟಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿರುವ ಸ್ನೇಹ ಕ್ಲಿನಿಕ್ ಇದೆ.

ಆ್ಯಪಿನ ಹೆಸರು ಹೇಳಿ "ಹುಡುಕಿ ಹಾಕಿಕೊಳ್ಳಿ" ಎನ್ನಬೇಡಿ. ಪ್ಲೇಸ್ಟೋರಿನಲ್ಲಿ ಸಿಗರೇಟು ಎಂದು ಹುಡುಕಿದರೆ ಸೇದುವ ಆಟದ ಆ್ಯಪ್‌ಗಳೂ ಸಾಲಾಗಿ ಬರುತ್ತವೆ. ಲಿಂಕನ್ನೇ ಕೊಡಿ. ಮುಖದ ಆ್ಯಪಿಗೆ ಕ್ಯಾಮೆರಾ ಅನುಮತಿ ಸಾಕು, ಕಾಂಟ್ಯಾಕ್ಟ್ ಅಥವಾ ಲೊಕೇಶನ್ ಕೇಳಿದರೆ ಬಿಟ್ಟುಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕಡ್ಡಾಯ ಮಾಡುತ್ತದೆ. ಇನ್ನು, ಮಗು ತುಂಬಿದ ದಿನಚರಿಯನ್ನು ಶಿಸ್ತುಕ್ರಮಕ್ಕೆ ಸಾಕ್ಷಿ ಮಾಡಿಕೊಳ್ಳುವುದಿಲ್ಲ, ಸಹಾಯ ಕೇಳಿದವರಿಗೆ ಟಿಸಿ ಕೊಡುವುದಿಲ್ಲ ಎಂದು ಮುಖ್ಯ ಶಿಕ್ಷಕರು ಬರವಣಿಗೆಯಲ್ಲೇ ಒಪ್ಪಬೇಕು. ಒಬ್ಬನನ್ನು ಅಸೆಂಬ್ಲಿಯಲ್ಲಿ ನಿಲ್ಲಿಸಿದರೆ ಸಾಕು, ಉಳಿದವರು ಯಾರೂ ಬಾಯಿ ಬಿಡುವುದಿಲ್ಲ.

ದೊಡ್ಡವರಿಗೂ ಒಂದು ಆ್ಯಪ್ ಕೆಲಸವಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಶಾಲೆಯ ಕಾಂಪೌಂಡಿನ ಅಂಚನ್ನು ಒತ್ತಿ ಹಿಡಿದು, ದೂರ ಅಳೆಯುವ ಆಯ್ಕೆಯಿಂದ ಎದುರಿನ ಗೂಡಂಗಡಿಗೆ ನೇರ ಗೆರೆ ಎಳೆಯಿರಿ. ರಸ್ತೆಯ ಸುತ್ತು ಲೆಕ್ಕಕ್ಕಿಲ್ಲ, ಬೇಲಿಯ ಹೊರ ಅಂಚಿನಿಂದ ಎಲ್ಲ ದಿಕ್ಕಿಗೂ ನೇರ ಅಳತೆ. ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದಲ್ಲಿ ಶಾಲೆಯ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ, 21 ತುಂಬದವರಿಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ. ಮಕ್ಕಳ ಕೈಗೆ ಸಿಗುವುದು ಆ ಬಿಡಿ ಸಿಗರೇಟೇ. ಅಳತೆಯ ಸ್ಕ್ರೀನ್‌ಶಾಟ್ ಸಮೇತ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕಳಿಸಿ. ಅಂಗಡಿಯ ಫೋಟೊ ತೆಗೆಯಲು ಮಕ್ಕಳನ್ನು ಕಳಿಸಲೇಬೇಡಿ, ಸಂಜೆ ಅದೇ ದಾರಿಯಲ್ಲಿ ನಡೆದುಹೋಗಬೇಕಾದವರು ಅವರು.

ಉಪಯೋಗವಾಯಿತೇ ಎಂದು ತಿಳಿಯಲು ಪೀರಿಯಡ್ ಮುಗಿದ ಕೂಡಲೇ "ಇನ್ನು ಯಾರು ಸೇದ್ತೀರಾ?" ಎಂದು ಕೇಳಿದರೆ ಯಾರ ಕೈಯೂ ಏಳುವುದಿಲ್ಲ. ಮೊದಲು ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಬೇಸಿಗೆ ರಜೆ ಕಳೆದು ಇನ್ನೊಮ್ಮೆ ಹೆಸರಿಲ್ಲದ ಚೀಟಿ ಕೊಡಿ. ಪ್ರಶ್ನೆ ಒಂದೇ ಇರಲಿ: ಕಳೆದ 30 ದಿನದಲ್ಲಿ ಎಷ್ಟು ದಿನ ಸಿಗರೇಟು, ಬೀಡಿ ಅಥವಾ ಪ್ಯಾಕೆಟ್ ಮುಟ್ಟಿದೆ? ಡಬ್ಬಿಗೆ ಹಾಕುವಾಗ ಶಿಕ್ಷಕರು ಕೊಠಡಿಯ ಹೊರಗಿರಲಿ, ಎಲ್ಲರೂ ಒಂದೇ ಬಣ್ಣದ ಪೆನ್ನಿನಲ್ಲಿ ಬರೆಯಲಿ.