ಕ್ಲಬ್ಬು ಕೊಂಡವರ ಸಾಲ ಯಾರ ತಲೆ ಮೇಲೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಾವು ಹತ್ತು-ಹನ್ನೆರಡು ಜನ ಸೇರಿ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಮ್ಯಾಚುಗಳನ್ನು ತಪ್ಪದೆ ನೋಡುತ್ತೇವೆ. ಅದನ್ನು ಈಗ ಹೂಡಿಕೆ ಕಂಪನಿಯೊಂದು ಕೊಳ್ಳುತ್ತಿದೆಯಂತೆ. ಅರ್ಧ ಜನ ‘ದುಡ್ಡು ಬಂತು, ಇನ್ನು ಕಪ್ಪು ನಮ್ದೇ’ ಅಂತಾರೆ, ಮಿಕ್ಕವರು ‘ಕ್ಲಬ್ಬು ಮುಳುಗ್ತು’ ಅಂತಾರೆ. ಇಲ್ಲಿ ಕೂತು ಯಾವುದನ್ನು ನೋಡಿ ತೀರ್ಮಾನಿಸಬಹುದು?

ಉತ್ತರ: ಮೊದಲು ಕೊಂಡ ಬೆಲೆಯನ್ನು ಬದಿಗಿಡಿ. ತಲೆಬರಹದಲ್ಲಿ ಮಿಂಚುವ ಆ ಮೊತ್ತ ಹೋಗುವುದು ಷೇರು ಮಾರಿದವರಿಗೆ. ಕ್ಲಬ್ಬಿನ ಖಾತೆಗೆ ಅದರಲ್ಲಿ ಒಂದು ಪೌಂಡೂ ಬರಬೇಕೆಂದಿಲ್ಲ. 2022ರಲ್ಲಿ ಅಮೆರಿಕದ ಉದ್ಯಮಿ ಟಾಡ್ ಬೋಲಿ ಮತ್ತು ಹೂಡಿಕೆ ಸಂಸ್ಥೆ ಕ್ಲಿಯರ್‌ಲೇಕ್ ಕ್ಯಾಪಿಟಲ್ ಸೇರಿ ಚೆಲ್ಸಿ ಕ್ಲಬ್ಬನ್ನು ಕೊಂಡಾಗ ಈ ಎರಡು ಲೆಕ್ಕವನ್ನು ಬೇರೆ ಬೇರೆಯಾಗಿಯೇ ಹೇಳಿದ್ದರು: ಷೇರಿಗೆ 250 ಕೋಟಿ ಪೌಂಡ್, ಮುಂದೆ ಕ್ಲಬ್ಬಿಗೆ ಹಾಕುತ್ತೇವೆಂದ ಮೊತ್ತ 175 ಕೋಟಿ. ನಿಮ್ಮ ಕ್ಲಬ್ಬಿನ ಪ್ರಕಟಣೆಯಲ್ಲಿ ಎರಡನೇ ಅಂಕಿ ಇಲ್ಲದಿದ್ದರೆ ಕುಣಿಯುವುದಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ.

ನೋಡಬೇಕಾದ್ದು, ಕೊಳ್ಳುವ ದುಡ್ಡಿನಲ್ಲಿ ಸಾಲ ಎಷ್ಟು, ಅದು ಯಾರ ಹೆಸರಲ್ಲಿದೆ ಎನ್ನುವುದನ್ನು. ಮಂಡ್ಯದ ರೈತರಿಗೆ ಹೀಗೆ ಹೇಳಿದರೆ ಸಾಕು: ಗದ್ದೆ ಕೊಳ್ಳಲು ಬಂದವನು ಅದೇ ಗದ್ದೆಯನ್ನು ಅಡ ಇಟ್ಟು ಸಾಲ ಎತ್ತುತ್ತಾನೆ, ಆ ದುಡ್ಡನ್ನು ಮಾರಿದವನಿಗೆ ಕೊಡುತ್ತಾನೆ, ಆಮೇಲೆ ಕಬ್ಬಿನ ಬಿಲ್ಲು ಬಂದಾಗೆಲ್ಲ ಅದರಿಂದಲೇ ಬಡ್ಡಿ ಕಟ್ಟುತ್ತಾನೆ. ಗೊಬ್ಬರಕ್ಕೆ ಉಳಿಯುವುದು ಮಿಕ್ಕಿದ್ದು. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡದ್ದು ಈ ದಾರಿಯಲ್ಲೇ. ಅದರಲ್ಲಿ 50 ಕೋಟಿಗೂ ಹೆಚ್ಚು ಸಾಲ. ಅಲ್ಲಿಯತನಕ ಸಾಲವಿಲ್ಲದ ಕ್ಲಬ್ಬಿನ ಆಸ್ತಿಯೇ ಅದರ ಒಂದು ಭಾಗಕ್ಕೆ ಅಡಮಾನವಾಯಿತು. ಇನ್ನೊಂದು ಭಾಗ ‘ಪಿಕ್’ ಎಂಬ ಬಗೆಯ ಸಾಲ: ಬಡ್ಡಿಯನ್ನು ಆಗಾಗ ಕಟ್ಟುವ ಬದಲು ಅಸಲಿಗೇ ಸೇರಿಸುತ್ತ ಹೋಗುವುದು. ಅದರ ಬಡ್ಡಿ ದರ 2010ರಲ್ಲಿ ಶೇ 16.25ಕ್ಕೆ ಏರಿತು. ಆ ದರದಲ್ಲಿ 100 ಪೌಂಡ್ ಐದು ವರ್ಷ ತುಂಬುವುದರೊಳಗೆ 200 ದಾಟುತ್ತದೆ. ಕ್ಲಬ್ಬಿನ ತಲೆಗೆ ಬಿದ್ದ ಸಾಲ ಇಪ್ಪತ್ತು ವರ್ಷವಾದರೂ ಇಳಿದಿಲ್ಲ.

ತಂಡ ಗೆಲ್ಲುತ್ತಿದೆಯಲ್ಲ ಎಂಬ ಸಮಾಧಾನವನ್ನೂ ನಂಬಬೇಡಿ. ಇಂಟರ್ ಮಿಲಾನಿನ ಚೀನೀ ಮಾಲೀಕರು 2021ರಲ್ಲಿ ಓಕ್‌ಟ್ರೀ ಎಂಬ ಅಮೆರಿಕದ ಸಂಸ್ಥೆಯಿಂದ ಮೂರು ವರ್ಷದ ಅವಧಿಗೆ 27.5 ಕೋಟಿ ಯೂರೋ ಸಾಲ ತಂದಿದ್ದರು. 2024ರ ಏಪ್ರಿಲ್‌ನಲ್ಲಿ ಇಂಟರ್ ಇಟಲಿಯ ಚಾಂಪಿಯನ್. ಮೇ ತಿಂಗಳಲ್ಲಿ ಬಡ್ಡಿ ಸೇರಿ ಸುಮಾರು 39.5 ಕೋಟಿ ಕಟ್ಟಲಾಗದೆ ಮಾಲೀಕತ್ವವೇ ಓಕ್‌ಟ್ರೀ ಕೈಗೆ ಹೋಯಿತು.

ಇದನ್ನೆಲ್ಲ ಕಂಡುಕೊಳ್ಳುವುದು ಕಷ್ಟವಲ್ಲ. ಇಂಗ್ಲೆಂಡಿನ ಕಂಪನಿಗಳ ದಾಖಲೆ ‘ಕಂಪನೀಸ್ ಹೌಸ್’ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕ್ಲಬ್ಬಿನ ಹೆಸರು ಹಾಕಿ ಹುಡುಕಿ, ‘ಚಾರ್ಜಸ್’ ಎಂಬ ಪುಟ ತೆರೆಯಿರಿ. ಪಹಣಿಯ 11ನೇ ಕಾಲಂನಲ್ಲಿ ಋಣ ಹುಡುಕಿದ ಹಾಗೆಯೇ ಇದು. ‘ಔಟ್‌ಸ್ಟ್ಯಾಂಡಿಂಗ್’ ಎಂದಿದ್ದರೆ ಅಡಮಾನ ಜೀವಂತ, ‘ಸ್ಯಾಟಿಸ್ಫೈಡ್’ ಎಂದಿದ್ದರೆ ತೀರಿದೆ. ಅಡಮಾನವಾದ 21 ದಿನದೊಳಗೆ ನೋಂದಾಯಿಸಬೇಕೆಂಬ ನಿಯಮವಿರುವುದರಿಂದ, ಮಾರಾಟ ಮುಗಿದ ತಿಂಗಳಿಗೇ ಇಲ್ಲಿ ಇಣುಕಿದರೆ ಕಥೆ ಗೊತ್ತಾಗುತ್ತದೆ. ಒಂದು ಚಾರ್ಜ್ ಕಂಡಾಕ್ಷಣ ಗಾಬರಿ ಬೇಡ. ಟಿವಿ ಹಕ್ಕಿನ ಕಂತು, ಆಟಗಾರನನ್ನು ಮಾರಿದ ಬಾಕಿ ಇವುಗಳ ಮೇಲೆ ಮುಂಗಡ ಎತ್ತುವುದು ಎಷ್ಟೋ ಕ್ಲಬ್ಬುಗಳ ಮಾಮೂಲಿ ವ್ಯವಹಾರ. ಮಾರಾಟದ ಆಸುಪಾಸಿನ ದಿನಾಂಕದಲ್ಲಿ ಕ್ರೀಡಾಂಗಣವನ್ನೂ ಸೇರಿಸಿ ಇಡೀ ಆಸ್ತಿಯ ಮೇಲೆ ಹೊಸ ಚಾರ್ಜ್ ಬಿದ್ದಿದ್ದರೆ ಮಾತ್ರ ಕಿವಿ ನೆಟ್ಟಗಾಗಬೇಕು.

ಜನ ಎಡವುವುದು ಒಂದೇ ಕಂಪನಿ ನೋಡಿ ಬಿಡುವುದರಲ್ಲಿ. ತಂಡ ಒಂದರ ಹೆಸರಲ್ಲಿ, ಕ್ರೀಡಾಂಗಣ ಇನ್ನೊಂದರ ಹೆಸರಲ್ಲಿ, ಇವೆರಡರ ಮೇಲೆ ಮತ್ತೊಂದು ಕಂಪನಿ ಇರುತ್ತದೆ. ‘ಪರ್ಸನ್ಸ್ ವಿತ್ ಸಿಗ್ನಿಫಿಕೆಂಟ್ ಕಂಟ್ರೋಲ್’ ಎಂಬಲ್ಲಿ ಶೇ 25ಕ್ಕಿಂತ ಹೆಚ್ಚು ಪಾಲು ಅಥವಾ ಮತ ಇರುವವರ ವಿವರ ಸಿಗುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ. ಹತ್ತುತ್ತ ಕೇಮನ್ ದ್ವೀಪಕ್ಕೋ ಅಮೆರಿಕದ ಡೆಲವೇರಿಗೋ ತಲುಪಿದರೆ ಅದರಾಚೆ ಕತ್ತಲು. ಯುನೈಟೆಡ್‌ನ ಮೇಲಿನ ಕಂಪನಿಯೂ ಕೇಮನ್‌ನದೇ, ಆದರೆ ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಕಾರಣ ಅದರ ಲೆಕ್ಕ ಬಯಲಲ್ಲಿದೆ. ವಾರ್ಷಿಕ ಲೆಕ್ಕಪತ್ರ ತೆರೆದಾಗ ಲಾಭ-ನಷ್ಟದ ಕೊನೆಯ ಸಾಲಿಗಿಂತ ಬಡ್ಡಿಯ ವೆಚ್ಚ ಮತ್ತು ಮಾಲೀಕರ ಇತರ ಕಂಪನಿಗಳಿಗೆ ಕೊಡಬೇಕಾದ ಬಾಕಿಯನ್ನು ನೋಡಿ. ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ವರ್ಷ ಮುಗಿದ ಮೇಲೂ 9 ತಿಂಗಳ ಗಡುವು ಇರುವುದರಿಂದ ನಿಮ್ಮ ಕೈಗೆ ಸಿಗುವುದು ಹಳೇ ಚಿತ್ರವೇ.

ಸಾಲದಷ್ಟೇ ದೊಡ್ಡ ಪ್ರಶ್ನೆ ಮೈದಾನದ್ದು. ಸಿಸು ಎಂಬ ಹೆಡ್ಜ್ ಫಂಡ್ 2007ರ ಡಿಸೆಂಬರ್‌ನಲ್ಲಿ ಕೊವೆಂಟ್ರಿ ಸಿಟಿಯನ್ನು ಕೊಂಡಾಗ ಕ್ರೀಡಾಂಗಣ ಕ್ಲಬ್ಬಿನದಾಗಿರಲಿಲ್ಲ. ವರ್ಷಕ್ಕೆ 12 ಲಕ್ಷ ಪೌಂಡಿಗೂ ಹೆಚ್ಚಿನ ಬಾಡಿಗೆಯ ಜಗಳ ಹರಿಯದೆ 2013ರಲ್ಲಿ ತಂಡ ನಾರ್ಥ್‌ಹ್ಯಾಂಪ್ಟನ್‌ಗೆ ಹೋಯಿತು. ಅದು ಮೈಸೂರು-ಮಂಡ್ಯಕ್ಕಿಂತಲೂ ದೂರ. ಎಷ್ಟೋ ಅಭಿಮಾನಿಗಳು ಟಿಕೆಟ್ ಕೊಳ್ಳಲು ನಿರಾಕರಿಸಿದರು, ಕೆಲವರು ಪಕ್ಕದ ದಿಬ್ಬದ ಮೇಲೆ ನಿಂತು ಪುಕ್ಕಟೆ ನೋಡಿದರು. ಮುಂದಿನ ವರ್ಷ ತಂಡ ಮರಳಿತು, 2019ರಲ್ಲಿ ಮತ್ತೆ ಊರು ಬಿಟ್ಟು ಬರ್ಮಿಂಗ್‌ಹ್ಯಾಮ್ ಸೇರಿತು. ಹೊಸಬರ ಪ್ರಕಟಣೆಯಲ್ಲಿ ‘ಕ್ರೀಡಾಂಗಣದ ಆಸ್ತಿಯ ಮರುವಿಂಗಡಣೆ’ ಎಂಬ ಮಾತು ಕಂಡರೆ ಪೆನ್ಸಿಲ್ಲಿನಲ್ಲಿ ಅಡಿಗೆರೆ ಹಾಕಿ, ಮೈದಾನ ಕ್ಲಬ್ಬಿನ ಕೈ ತಪ್ಪುವ ಸೂಚನೆ ಅದಾಗಿರಬಹುದು.

ಹೂಡಿಕೆ ನಿಧಿಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸು. ದುಡ್ಡು ಹಾಕಿದವರಿಗೆ ಅಷ್ಟರೊಳಗೆ ಮರಳಿಸಬೇಕು, ಹಾಗಾಗಿ ಕೊಳ್ಳುವಾಗಲೇ ಮಾರುವ ಯೋಚನೆ ಇರುತ್ತದೆ. ಅದೇ ಗುಂಪಿಗೆ ಬೇರೆ ದೇಶದಲ್ಲೂ ಕ್ಲಬ್ಬಿದ್ದರೆ ಇನ್ನೊಂದು ತೊಡಕು. ಕ್ರಿಸ್ಟಲ್ ಪ್ಯಾಲೇಸ್ 2025ರ ಎಫ್‌ಎ ಕಪ್ ಗೆದ್ದು ಯುರೋಪಾ ಲೀಗಿಗೆ ಅರ್ಹತೆ ಪಡೆಯಿತು. ಆದರೆ ಅದರ ಪಾಲುದಾರ ಜಾನ್ ಟೆಕ್ಸ್‌ಟರ್ ಅವರಿಗೆ ಫ್ರಾನ್ಸಿನ ಲಿಯೋನ್ ಕ್ಲಬ್ಬಿನಲ್ಲೂ ಹಿಡಿತವಿತ್ತು. ಮಾರ್ಚ್ 1ರ ಗಡುವಿನೊಳಗೆ ಆ ಹಿಡಿತವನ್ನು ಬಿಡಿಸಿಕೊಳ್ಳಲಿಲ್ಲವೆಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಪ್ಯಾಲೇಸನ್ನು ಕೆಳಗಿನ ಕಾನ್ಫರೆನ್ಸ್ ಲೀಗಿಗೆ ತಳ್ಳಿತು. ಮೈದಾನದಲ್ಲಿ ಗಳಿಸಿದ್ದು ಕಾಗದದಲ್ಲಿ ಹೋಯಿತು.

ಇನ್ನು ನಿಮ್ಮ ಗುಂಪಿನ ಖುಷಿ ಮತ್ತು ಸಿಟ್ಟು. 2021ರಲ್ಲಿ ಸೌದಿ ಸರ್ಕಾರದ ಹೂಡಿಕೆ ನಿಧಿ ನ್ಯೂಕ್ಯಾಸಲ್‌ನ ಶೇ 80 ಪಾಲು ಕೊಂಡಾಗ ಜನ ಬೀದಿಗಿಳಿದು ಕುಣಿದರು. ಅದರಲ್ಲಿ ಹೊಸಬರು ಬಂದ ಖುಷಿಯಷ್ಟೇ 14 ವರ್ಷದ ಹಳೇ ಮಾಲೀಕರು ತೊಲಗಿದ ಖುಷಿಯೂ ಇತ್ತು. ಸಿಟ್ಟಿನ ವಿಷಯಕ್ಕೆ ಬಂದರೆ, ಯುನೈಟೆಡ್ ಅಭಿಮಾನಿಗಳು 2010ರಲ್ಲಿ ಹಸಿರು-ಹಳದಿ ಶಾಲು ಹೊದ್ದು ಮಾಡಿದ ಪ್ರತಿಭಟನೆ ಜಗತ್ತಿಗೆಲ್ಲ ಕಂಡಿತು, ಆದರೆ ಮತ ಅವರ ಕೈಯಲ್ಲಿರಲಿಲ್ಲ, ಮಾಲೀಕರು ಕದಲಲಿಲ್ಲ. ಜರ್ಮನಿಯಲ್ಲಿ ನಿಯಮವೇ ಬೇರೆ: ಕೆಲವು ಅಪವಾದ ಬಿಟ್ಟರೆ ಮತದ ಬಹುಪಾಲು ಸದಸ್ಯರ ಸಂಘದ ಬಳಿಯೇ ಇರಬೇಕು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಲೀಗು ಹೂಡಿಕೆದಾರರಿಗೆ ಪ್ರಸಾರದ ಆದಾಯದಲ್ಲಿ ಪಾಲು ಕೊಡಲು ಹೊರಟು 36ರಲ್ಲಿ 24 ಮತ ಪಡೆಯಿತು. ಬೇಕಿದ್ದದ್ದು 24, ಒಂದೂ ಹೆಚ್ಚಿಲ್ಲ. ಹ್ಯಾನೋವರ್ ಕ್ಲಬ್ಬಿನ ಪ್ರತಿನಿಧಿ ತನ್ನ ಸಂಘದ ಸೂಚನೆ ಮೀರಿ ಮತ ಹಾಕಿದರೇ ಎಂಬ ಅನುಮಾನ ಎದ್ದಿತು. ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಪಂದ್ಯ ನಿಲ್ಲಿಸಿದರು. 2024ರ ಫೆಬ್ರುವರಿ 21ಕ್ಕೆ ಲೀಗು ಕೈಬಿಟ್ಟಿತು.

ನಮ್ಮ ದೇಶದಲ್ಲೂ ಉದಾಹರಣೆ ಇದೆ. 2020ರಲ್ಲಿ ಆರ್‌ಪಿಎಸ್‌ಜಿ ಉದ್ಯಮ ಸಮೂಹ ಕೋಲ್ಕತ್ತದ ಮೋಹನ್ ಬಾಗಾನ್‌ನ ಫುಟ್‌ಬಾಲ್ ಘಟಕದ ಶೇ 80 ಪಾಲು ಪಡೆದು, ತನ್ನ ಹಳೇ ತಂಡದ ಹೆಸರಾದ ‘ಎಟಿಕೆ’ಯನ್ನು ಅದರ ಹೆಸರಿನ ಮುಂದೆ ಸೇರಿಸಿತು. ಬಣ್ಣ, ದೋಣಿಯ ಲಾಂಛನ ಉಳಿದರೂ ಹೆಸರಿಗಾಗಿ ಅಭಿಮಾನಿಗಳು ಸುಮ್ಮನಾಗಲಿಲ್ಲ, 2023ರಲ್ಲಿ ‘ಎಟಿಕೆ’ ಹೋಯಿತು. ಈಸ್ಟ್ ಬೆಂಗಾಲ್‌ನದು ಇನ್ನೊಂದು ಪಾಠ. 2020ರಲ್ಲಿ ಶ್ರೀ ಸಿಮೆಂಟ್ ಜೊತೆ ಆದದ್ದು ಟರ್ಮ್ ಶೀಟ್, ಅಂದರೆ ಆರಂಭಿಕ ಒಪ್ಪಂದ. ಅಂತಿಮ ಕರಾರಿನಲ್ಲಿ ಷರತ್ತು ಬೇರೆಯಿದೆ ಎಂದು ಕ್ಲಬ್ಬಿನವರು ಸಹಿ ಹಾಕಲಿಲ್ಲ, ಜಗಳ ಬೀದಿಗೆ ಬಂತು, 2022ಕ್ಕೆ ಸಂಬಂಧವೇ ಮುರಿಯಿತು. ‘ಒಪ್ಪಂದವಾಯಿತು’ ಎಂಬ ಸುದ್ದಿ ಓದಿದಾಗ ಯಾವ ಕಾಗದಕ್ಕೆ ಸಹಿ ಬಿತ್ತು ಎಂದು ಕೇಳಿ. ಭಾರತದ ಕ್ಲಬ್ ಕಂಪನಿಗಳ ದಾಖಲೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಗೆ 100 ರೂಪಾಯಿ ಕಟ್ಟಿದರೆ ಸಿಗುತ್ತದೆ.

ಕೊನೆಗೆ, ‘ಪಾಲುದಾರರಾಗಿ’ ಎಂದು ಮಾರುವ ಫ್ಯಾನ್ ಟೋಕನ್. ಅದು ಷೇರಲ್ಲ, ಕ್ರಿಪ್ಟೊ ಬಗೆಯ ಡಿಜಿಟಲ್ ಚೀಟಿ. ಹಾಡು, ಬಸ್ಸಿನ ಬಣ್ಣದಂಥ ವಿಷಯಕ್ಕೆ ಮತ ಕೊಡಬಹುದು, ಮಾರಾಟದ ವಿಷಯಕ್ಕಲ್ಲ. ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಮಾರುವಾಗ ಶೇ 1 ಟಿಡಿಎಸ್, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ನಿಜವಾದ ಷೇರು ಕೊಂಡರೂ ಅದರ ವರ್ಗ ನೋಡಿಕೊಳ್ಳಿ: ಯುನೈಟೆಡ್‌ನಲ್ಲಿ ಪೇಟೆಯಲ್ಲಿ ಸಿಗುವ ‘ಎ’ ಷೇರಿಗೆ ಒಂದು ಮತ, ಪೇಟೆಗೆ ಬಾರದ ‘ಬಿ’ ಷೇರಿಗೆ ಹತ್ತು.