ಮಂಗಳವಾರ ಬೆಳಿಗ್ಗೆ ಚೆಂಡು ಹೊಡೆಯುವವರು ಯಾರು?

ಪ್ರತಿ ವರ್ಷ ಡಿಸೆಂಬರ್ ಕೊನೆಗೆ, ಕಣದಲ್ಲಿ ಕಾಫಿ ಹರಡಿ ಮೋಡ ಬಂದೀತೇ ಎಂದು ಆಕಾಶ ನೋಡುತ್ತಿರುವ ಹೊತ್ತಿಗೆ ಸರಿಯಾಗಿ ನನಗೆ ಈ ಫೋನ್ ಬರುತ್ತದೆ. ಫುಟ್‌ಬಾಲ್ ಕ್ಲಬ್ ಬೇರೆ ಬೇರೆ, ಮಾತು ಒಂದೇ. ‘ಸಾರ್, ಐದು ಪಂದ್ಯ ಸೋತೆವು. ಮುಖ್ಯ ಕೋಚ್ ಇರಲಿ, ಸಹಾಯಕರನ್ನು ಬದಲಾಯಿಸೋಣ ಎನ್ನುತ್ತಿದ್ದಾರೆ ಮಾಲೀಕರು. ಒಳ್ಳೆಯವರು ಯಾರಾದರೂ ಇದ್ದರೆ ಹೇಳಿ.’

ಹದಿನಾಲ್ಕು ವರ್ಷ ನಾನೇ ಸಹಾಯಕ ಕೋಚ್ ಆಗಿದ್ದವನು. ಹಾಗಾಗಿ ಈ ವಿಷಯದಲ್ಲಿ ನನ್ನಿಂದ ನಿಷ್ಪಕ್ಷಪಾತ ನಿರೀಕ್ಷಿಸಬೇಡಿ.

ಮಾಲೀಕರ ಲೆಕ್ಕ ನನಗೆ ಅರ್ಥವಾಗದ್ದೇನಲ್ಲ. ಮುಖ್ಯ ಕೋಚನ್ನು ಕಳುಹಿಸಿದರೆ ಒಪ್ಪಂದದ ಉಳಿದ ಹಣ ಕೊಡಬೇಕು. ಅವರನ್ನು ಆರಿಸಿ ತಂದವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ. ಸಹಾಯಕನದು ಸಣ್ಣ ಸಂಬಳ, ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಏನೋ ಮಾಡಿದಂತಾಯಿತು. ಕಾಫಿ ಗಿಡ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಫಸಲು ಬರಲಿಲ್ಲವೆಂದು ಮೇಸ್ತ್ರಿಯನ್ನು ಬಿಡಿಸಿದ ಸಾಹುಕಾರರೊಬ್ಬರು ನಮ್ಮ ಸುಂಟಿಕೊಪ್ಪದ ಕಡೆ ಇದ್ದರು. ಮರುವರ್ಷ ಮಳೆ ಬಂತು, ಹಣ್ಣು ಕುಯ್ಯಲು ಆಳುಗಳು ಬರಲಿಲ್ಲ. ಅವರೆಲ್ಲ ಮೇಸ್ತ್ರಿಯ ಕಡೆಯವರು.

ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಇಳಿಯುವುದಿಲ್ಲ. ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಮೈದಾನಕ್ಕಿಳಿಯುವ ಹನ್ನೊಂದು ಜನರನ್ನು ಆರಿಸುವವನು ಸಹಾಯಕನಲ್ಲ. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ತೀರ್ಮಾನಿಸುವವನೂ ಅಲ್ಲ. ಅವನ ಕೆಲಸ ಇರುವುದು ಪಂದ್ಯ ಇಲ್ಲದ ದಿನಗಳಲ್ಲಿ. ಭಾನುವಾರ ಪಂದ್ಯ ಮುಗಿಯಿತೆನ್ನಿ. ಸೋಮವಾರ, ಆಡಿದವರಿಗೆ ಸೈಕಲ್ ತುಳಿತ, ಮಸಾಜ್, ವಿಶ್ರಾಂತಿ. ಆಡದವರಿಗೆ ಪೂರ್ಣ ತಾಲೀಮು. ಮುಖ್ಯ ಕೋಚ್ ಒಳಗೆ ಕುಳಿತು ಪಂದ್ಯದ ವಿಡಿಯೊ ನೋಡುತ್ತಿರುತ್ತಾರೆ. ಹೊರಗೆ ಬಿಸಿಲಿನಲ್ಲಿ, ಅವಕಾಶ ಸಿಗಲಿಲ್ಲವೆಂದು ಮುಖ ಊದಿಸಿಕೊಂಡ ಎಂಟೊಂಬತ್ತು ಹುಡುಗರನ್ನು ಓಡಿಸುತ್ತಿರುವವನು ಸಹಾಯಕ. ಅವರಲ್ಲಿ ಇಬ್ಬರು ಮುಂದಿನ ವಾರ ಆಡಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಒಂದೂವರೆ ಗಂಟೆ ಅವರು ಮನಸ್ಸಿಟ್ಟು ಓಡಿದರೇ ಇಲ್ಲವೇ ಎನ್ನುವುದು ಅವನ ಮೇಲಿನ ನಂಬಿಕೆಯನ್ನು ಅವಲಂಬಿಸಿದೆ. ನೀವು ಸಹಾಯಕನನ್ನು ಬದಲಿಸಿದಾಗ ಬದಲಾಗುವುದು ಈ ಸೋಮವಾರ. ಭಾನುವಾರದ ತಪ್ಪುಗಳು ಅಲ್ಲೇ ಇರುತ್ತವೆ.

ನಾನಿದ್ದ ಒಂದು ಕ್ಲಬ್ಬಿನಲ್ಲಿ, ಹೆಸರು ಬೇಡ, ಎಡಗಡೆಯ ಡಿಫೆಂಡರ್ ಹುಡುಗನೊಬ್ಬನಿದ್ದ. ಪಾದದ ಕೀಲಿನಲ್ಲಿ ಹಳೆಯ ಉಳುಕು. ಹೇಳಿದರೆ ತಂಡದಿಂದ ಬಿಡುತ್ತಾರೆಂಬ ಭಯಕ್ಕೆ ಫಿಸಿಯೋ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ಬೂಟಿನ ದಾರ ಕಟ್ಟುವನು. ಎಡಗಾಲಿನ ದಾರವನ್ನು ಬಿಚ್ಚಿ ಎರಡನೇ ಸಲ ಕಟ್ಟಿದನೆಂದರೆ ಅಂದು ನೋವಿದೆ ಎಂದರ್ಥ. ನಾನು ಏನೂ ಕೇಳದೆ ಅವನನ್ನು ಓಟ ಕಡಿಮೆಯಿರುವ ಗುಂಪಿಗೆ ಹಾಕುತ್ತಿದ್ದೆ. ಇಂಥವೆಲ್ಲ ಒಂದು ನೋಟ್‌ಬುಕ್ಕಿನಲ್ಲಿದ್ದವು. ಋತುವಿನ ನಡುವೆ ಒಂದು ಬುಧವಾರ ನನ್ನನ್ನು ಬಿಡಿಸಿದರು. ಜಾಕೆಟ್, ಸೀಟಿ, ಗೇಟಿನ ಕಾರ್ಡ್ ವಾಪಸು ಕೇಳಿದರು. ನೋಟ್‌ಬುಕ್ ಕೇಳಲಿಲ್ಲ. ಮೂರನೇ ಪಂದ್ಯದಲ್ಲಿ ಹುಡುಗ ಕುಂಟುತ್ತ ಹೊರಬಂದ. ನಾನಿದ್ದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಲಾರೆ, ಕೀಲು ಕೀಲೇ. ಆ ನೋಟ್‌ಬುಕ್ ಈಗಲೂ ನಮ್ಮ ಮನೆಯಲ್ಲಿ ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಗಳ ಜೊತೆ ಕಪಾಟಿನಲ್ಲಿದೆ.

ಕೊಡಗಿನಲ್ಲಿ ಹುಟ್ಟಿ ಫುಟ್‌ಬಾಲ್ ಹಿಡಿದವನಿಗೆ ಮದುವೆ ಮನೆಗಳಲ್ಲಿ ‘ಹಾಕಿ ಏಕೆ ಬಿಟ್ಟೆ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಹೋದಾಗಲೆಲ್ಲ ನನಗೂ ಅದೇ ಅನ್ನಿಸುತ್ತದೆ. ಗೆರೆಯಾಚೆ ನಿಂತ ದೊಡ್ಡಪ್ಪ, ಮಾವ ಎಲ್ಲರೂ ಅಲ್ಲಿ ಸಹಾಯಕ ಕೋಚ್‌ಗಳೇ. ಸೋತರೆ ಯಾರನ್ನೂ ಬಿಡಿಸುವಂತಿಲ್ಲ. ಒಕ್ಕದವರನ್ನು, ಅಂದರೆ ಸ್ವಂತ ಮನೆತನದವರನ್ನು, ಬಿಡಿಸಿ ಎಲ್ಲಿಗೆ ಕಳುಹಿಸುವುದು?

ದೊಡ್ಡ ಕ್ಲಬ್ಬುಗಳು ಇದನ್ನು ಮಾಡಿಲ್ಲವೇ ಎಂದು ಕೇಳುತ್ತಾರೆ. ಮಾಡಿವೆ. ಲಿವರ್‌ಪೂಲ್ 2013–14ರಲ್ಲಿ ಇಂಗ್ಲಿಷ್ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು, ಮರುವರ್ಷ ಆರಕ್ಕೆ ಇಳಿಯಿತು. ಕೊನೆಯ ಪಂದ್ಯದಲ್ಲಿ ಸ್ಟೋಕ್ ಕೈಯಲ್ಲಿ 6–1ರ ಸೋಲು. ಮುಖ್ಯ ಕೋಚ್ ಬ್ರೆಂಡನ್ ರಾಜರ್ಸ್ ಉಳಿದರು. ಸಹಾಯಕ ಕಾಲಿನ್ ಪ್ಯಾಸ್ಕೊ, ಮೊದಲ ತಂಡದ ಕೋಚ್ ಮೈಕ್ ಮಾರ್ಷ್ ಹೋದರು, ಶಾನ್ ಓಡ್ರಿಸ್ಕಾಲ್ ಮತ್ತು ಗ್ಯಾರಿ ಮೆಕ್‌ಆಲಿಸ್ಟರ್ ಬಂದರು. ಅಕ್ಟೋಬರ್ 4, 2015ರಂದು ರಾಜರ್ಸ್ ಕೂಡ ಮನೆಗೆ ಹೋದರು. ಏರಿದ ವರ್ಷ ಲೀಗಿನಲ್ಲಿ 31 ಗೋಲು ಹೊಡೆದ ಲೂಯಿಸ್ ಸುವಾರೆಜ್ ಅಷ್ಟರಲ್ಲಿ ಬಾರ್ಸಿಲೋನಾ ಸೇರಿ ಒಂದು ವರ್ಷ ದಾಟಿತ್ತು. ಆ ಖಾಲಿ ಜಾಗವನ್ನು ಯಾವ ಸಹಾಯಕ ತುಂಬಬೇಕಿತ್ತು?

ಮ್ಯಾಂಚೆಸ್ಟರ್ ಯುನೈಟೆಡ್ ಕಥೆ ಇನ್ನೂ ಹತ್ತಿರದ್ದು. 2024ರ ಬೇಸಿಗೆಯಲ್ಲಿ ಮುಖ್ಯ ಕೋಚ್ ಎರಿಕ್ ಟೆನ್ ಹಾಗ್ ಪಕ್ಕಕ್ಕೆ ರುಡ್ ವಾನ್ ನಿಸ್ಟಲ್ರೂಯ್, ರೆನೆ ಹಾಕೆ ಎಂಬ ಹೊಸ ಸಹಾಯಕರು ಬಂದರು. ಅಕ್ಟೋಬರ್ 28ಕ್ಕೆ ಟೆನ್ ಹಾಗ್ ಹೊರಗೆ. ಬಂದ ಸಹಾಯಕ ನಿಸ್ಟಲ್ರೂಯ್ ನಾಲ್ಕು ಪಂದ್ಯಗಳಿಗೆ ಹಂಗಾಮಿ ಮುಖ್ಯ ಕೋಚ್, ಒಂದೂ ಸೋಲಲಿಲ್ಲ. ಹೆಸರುವಾಸಿ ಸಹಾಯಕನನ್ನು ತಂದು ಕೂರಿಸಿದ ದಿನದಿಂದಲೇ ಆಟಗಾರರು ಅವನನ್ನು ಮುಂದಿನ ಕೋಚ್ ಎಂದು ಅಳೆಯಲು ತೊಡಗುತ್ತಾರೆ. ಇದು ನನ್ನ ಅನುಭವದ ಮಾತು, ಯುನೈಟೆಡ್ ಒಳಗೆ ಏನಾಯಿತೋ ನಾನು ಹೇಳುತ್ತಿಲ್ಲ.

ಬದಲಾವಣೆಯೇ ಕೂಡದು ಎನ್ನುವವನೂ ನಾನಲ್ಲ. ಇದೇ ಯುನೈಟೆಡ್‌ನಲ್ಲಿ ಹಿಂದೆ ಮುಖ್ಯ ಕೋಚ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ ಅವರ ಸಹಾಯಕ ಬ್ರಯಾನ್ ಕಿಡ್ 1998ರ ಡಿಸೆಂಬರಿನಲ್ಲಿ ಬಿಟ್ಟು ಹೋದರು, ಫೆಬ್ರವರಿಯಲ್ಲಿ ಸ್ಟೀವ್ ಮೆಕ್ಲಾರೆನ್ ಬಂದರು, ಮೇ ತಿಂಗಳಲ್ಲಿ ತಂಡ ಮೂರು ಪ್ರಶಸ್ತಿ ಎತ್ತಿತು. ಆದರೆ ಆ ತಂಡ ಮುಳುಗುತ್ತಿರಲಿಲ್ಲ, ಹೊಸಬನನ್ನು ಆರಿಸಿದವರು ಫರ್ಗ್ಯುಸನ್ ಅವರೇ ಹೊರತು ಗಾಬರಿಬಿದ್ದ ಆಡಳಿತ ಮಂಡಳಿಯಲ್ಲ. ಕಾರ್ನರ್‌ಗಳಲ್ಲೇ ಗೋಲು ತಿನ್ನುತ್ತಿದ್ದೀರಾ? ಸೆಟ್‌ಪೀಸ್, ಅಂದರೆ ಕಾರ್ನರ್, ಫ್ರೀಕಿಕ್ ಕಲಿಸುವ ಕೋಚನ್ನು ತನ್ನಿ, ನಾನೇ ಹೆಸರು ಕೊಡುತ್ತೇನೆ. ಸಹಾಯಕನೊಬ್ಬ ಮುಖ್ಯ ಕೋಚಿನ ಮೇಲೆ ಮಾಲೀಕರಿಗೆ ಚಾಡಿ ಹೇಳುತ್ತಿದ್ದರೆ ನಾಳೆಯೇ ಕಳುಹಿಸಿ. ಫಿಟ್‌ನೆಸ್ ಕೋಚನ್ನು ಮಾತ್ರ, ದಯವಿಟ್ಟು, ಋತುವಿನ ನಡುವೆ ಬದಲಿಸುವ ಮುನ್ನ ಎರಡು ಸಲ ಯೋಚಿಸಿ. ಹೊಸಬ ತನ್ನನ್ನು ತೋರಿಸಿಕೊಳ್ಳಲು ಮೊದಲ ವಾರವೇ ಓಟ ಹೆಚ್ಚಿಸುತ್ತಾನೆ. ಎರಡು ಮೂರು ವಾರದಲ್ಲಿ ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಿಡಿದುಕೊಂಡವರ ಸಾಲು ಫಿಸಿಯೋ ಬಾಗಿಲಲ್ಲಿ.

ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2018ರಲ್ಲಿ ಆಲ್ಬರ್ಟ್ ರೋಕಾ ಹೊರಟಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೇ ಮೇಲೆ ಕೂರಿಸಿದರು. 2019ರ ಮಾರ್ಚಿನಲ್ಲಿ, ಮುಂಬೈಯಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಹೊಡೆದ ಗೋಲಿನಿಂದ ಗೋವಾವನ್ನು ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆದ್ದರು. ಹುಡುಗರ ಬೂಟಿನ ದಾರದ ವಿಚಾರ ಕ್ವಾಡ್ರಾಟ್‌ಗೆ ಮೊದಲೇ ಗೊತ್ತಿತ್ತು ಎಂದೇ ನನ್ನ ಊಹೆ.

ಈ ಸಲದ ಫೋನ್ ಬಂದಾಗ ನಾನು ಕಣದಲ್ಲಿ ಕಾಫಿ ಮಗುಚುತ್ತಿದ್ದೆ. ನೆಟ್‌ವರ್ಕ್ ಸಿಗಲು ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು, ಹೋದೆ. ಗೋಲ್‌ಕೀಪಿಂಗ್ ಕೋಚನ್ನು ಆಗಲೇ ಕಳುಹಿಸಿದ್ದರಂತೆ. ‘ಹೊಸಬರು ಬರುವುದು ಯಾವಾಗ?’

‘ಹದಿನೈದು ದಿನ ಆಗಬಹುದು ಸಾರ್.’

‘ಅಲ್ಲಿಯವರೆಗೆ ಮಂಗಳವಾರ ಬೆಳಿಗ್ಗೆ ಕೀಪರ್‌ಗೆ ಚೆಂಡು ಹೊಡೆಯುವವರು ಯಾರು?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಟ್ಯಾಂಕಿನ ಏಣಿಯ ಎರಡು ಮೆಟ್ಟಿಲು ಹತ್ತಿದೆ.

‘ಬಸ್ಸಿನ ಡ್ರೈವರ್ ಹೊಡೆಯುತ್ತಾನೆ ಸಾರ್. ಎಡಗಾಲು ಚೆನ್ನಾಗಿದೆ.’