ಮಾರ್ಚ್‌ನಲ್ಲೇ ಶೆರಿಫ್ ಆಯ್ಕೆ ಮುಗಿದುಹೋಗುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆಕ್ಸಸ್ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿದ್ದಾಳೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ). ಮಾರ್ಚ್‌ನಲ್ಲಿ ಪಕ್ಷದ ಪ್ರೈಮರಿ ಫಲಿತಾಂಶ ಬಂದ ಮರುದಿನ ಫೋನ್ ಮಾಡಿ, “ನಮ್ಮ ಕೌಂಟಿಗೆ ಹೊಸ ಶೆರಿಫ್ ಬಂದಾಯಿತು” ಎಂದಳು. ಶೆರಿಫ್ ಎಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಂತೆ. ಅಲ್ಲಿ ಚುನಾವಣೆ ನಡೆಯುವುದು ನವೆಂಬರ್‌ನಲ್ಲಿ ಅಲ್ಲವೇ? ಪಕ್ಷದೊಳಗಿನ ಆಯ್ಕೆಯ ಫಲಿತಾಂಶಕ್ಕೆ ಇಷ್ಟೊಂದು ಬೆಲೆ ಏಕೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ಬಹುಮಟ್ಟಿಗೆ ಸರಿ. ಕಾನೂನಿನ ಪ್ರಕಾರ ಚುನಾವಣೆ ನವೆಂಬರ್‌ನಲ್ಲೇ. ಆದರೆ ಟೆಕ್ಸಸ್‌ನ 254 ಕೌಂಟಿಗಳಲ್ಲಿ ಬಹಳಷ್ಟು ಹಳ್ಳಿಗಾಡಿನವು, ಅವುಗಳಲ್ಲಿ ಹೆಚ್ಚಿನವು ಒಂದೇ ಪಕ್ಷದ ಕೋಟೆಗಳು. ಅಲ್ಲಿ ಆ ಪಕ್ಷದ ಪ್ರೈಮರಿ ಗೆದ್ದವರಿಗೆ ನವೆಂಬರ್‌ನಲ್ಲಿ ಎದುರಾಳಿಯೇ ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ.

ಪ್ರೈಮರಿ ಎಂದರೆ ಏನೆಂಬುದನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳಬಹುದು. ನಮ್ಮಲ್ಲಿ ಬಿ ಫಾರಂ ಯಾರ ಕೈಗೆ ಎಂದು ತೀರ್ಮಾನಿಸುವವರು ಪಕ್ಷದ ವರಿಷ್ಠರು. ಆಕಾಂಕ್ಷಿಗಳು ಬೆಂಗಳೂರಿಗೂ ದೆಹಲಿಗೂ ಅಲೆಯುತ್ತಾರೆ, ಪಟ್ಟಿ ಮಧ್ಯರಾತ್ರಿ ಹೊರಬೀಳುತ್ತದೆ. ಅಮೆರಿಕದಲ್ಲಿ ಬಿ ಫಾರಂ ಕೊಡುವವರು ಮತದಾರರು. ರಿಪಬ್ಲಿಕನ್ ಪಕ್ಷದಿಂದ ಶೆರಿಫ್ ಸ್ಥಾನಕ್ಕೆ ನಾಲ್ವರು ನಿಲ್ಲಬಯಸಿದರೆ, ಆ ನಾಲ್ವರ ಹೆಸರೂ ಮತಪತ್ರದಲ್ಲಿರುತ್ತದೆ, ಜನರು ಮತಗಟ್ಟೆಗೆ ಹೋಗಿ ಒಬ್ಬರನ್ನು ಆರಿಸುತ್ತಾರೆ. ಶೆರಿಫ್ ಒಬ್ಬರೇ ಅಲ್ಲ. ಕೌಂಟಿಯ ಆಡಳಿತ ಮುಖ್ಯಸ್ಥರು, ಕಮಿಷನರುಗಳು, ದಾಖಲೆ ಇಡುವ ಕ್ಲರ್ಕ್, ಖಜಾಂಚಿ, ತೆರಿಗೆ ಅಧಿಕಾರಿ, ಎಲ್ಲರೂ ಪಕ್ಷದ ಹೆಸರಿನಲ್ಲೇ ಚುನಾಯಿತರಾಗುವವರು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಅಲ್ಲಿ ರಸ್ತೆಯ ಗುಂಡಿ ಮುಚ್ಚಿಸುವ ಕಮಿಷನರಿಗೂ ಪಕ್ಷ ಉಂಟು.

ಇನ್ನೊಂದು ವ್ಯತ್ಯಾಸವಿದೆ. ನಮ್ಮಲ್ಲಿ ಟಿಕೆಟ್ ತಪ್ಪಿದವರು ಬಂಡಾಯವೆದ್ದು ಪಕ್ಷೇತರರಾಗಿ ಕಣಕ್ಕಿಳಿಯುತ್ತಾರೆ, ಕೆಲವೊಮ್ಮೆ ಗೆದ್ದೂ ಬರುತ್ತಾರೆ. ಟೆಕ್ಸಸ್ ಕಾನೂನು ಆ ಬಾಗಿಲು ಮುಚ್ಚಿದೆ. ಪ್ರೈಮರಿಯಲ್ಲಿ ಸೋತವರು ಅದೇ ವರ್ಷ ಪಕ್ಷೇತರರಾಗಿ ನವೆಂಬರ್ ಮತಪತ್ರಕ್ಕೆ ಬರುವಂತಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಸೋತರೆ ಆ ಸಲದ ಮಟ್ಟಿಗೆ ಕಥೆ ಮುಗಿಯಿತು.

ಕೋಟೆ ಎಂದೆನಲ್ಲ, ಅದು ಎಷ್ಟು ಗಟ್ಟಿ? ಟೆಕ್ಸಸ್‌ನ ಉತ್ತರದ ತುದಿಯಲ್ಲಿ ರಾಬರ್ಟ್ಸ್ ಎಂಬ ಕೌಂಟಿ ಇದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಒಂದು ಸಾವಿರವನ್ನೂ ಮುಟ್ಟುವುದಿಲ್ಲ. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಬಿದ್ದ ಮತಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಡೊನಾಲ್ಡ್ ಟ್ರಂಪ್ ಪಾಲಾದವು. ಅಂಥ ಕಡೆ ಡೆಮಾಕ್ರಟಿಕ್ ಪಕ್ಷದಿಂದ ಶೆರಿಫ್ ಸ್ಥಾನಕ್ಕೆ ಯಾರು ತಾನೆ ನಿಲ್ಲುತ್ತಾರೆ? ಪಶ್ಚಿಮದ ಲವಿಂಗ್ ಕೌಂಟಿಯಲ್ಲಂತೂ 2020ರಲ್ಲಿ ಎಣಿಕೆಗೆ ಸಿಕ್ಕವರು 64 ಜನ. ಇಂಥ ಊರುಗಳಲ್ಲಿ ಒಂದು ಮನೆಯ ಬಂಧುಗಳೆಲ್ಲ ಒಟ್ಟಾಗಿ ಬಂದರೆ ಫಲಿತಾಂಶ ಬದಲಾಗಬಹುದು. ಒಂದು ಮತದ ಬೆಲೆಯನ್ನು, 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರ ಒಂದೇ ಮತದಿಂದ ಇತ್ಯರ್ಥವಾದದ್ದನ್ನು ನೋಡಿದ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಹೀಗಿದ್ದೂ ಪ್ರೈಮರಿಗೆ ಬರುವ ಜನ ನವೆಂಬರ್‌ನಲ್ಲಿ ಬರುವವರಿಗಿಂತ ಬಹಳ ಕಡಿಮೆ. ನನ್ನನ್ನು ನಿಜವಾಗಿ ಕಾಡುವುದು ಇದು. ತೀರ್ಮಾನವಾಗುವ ದಿನ ಮನೆಯಲ್ಲಿದ್ದು, ತೀರ್ಮಾನವಾಗಿ ಎಂಟು ತಿಂಗಳಾದ ಮೇಲೆ ಜನ ಸಾಲುಗಟ್ಟುತ್ತಾರೆ. ಬೇರೆ ಪಕ್ಷದ ಒಲವುಳ್ಳವರು ‘ಅದು ಅವರ ಮನೆಯ ವಿಷಯ’ ಎಂದು ದೂರ ಉಳಿಯುವುದೂ ಉಂಟು. ವಾಸ್ತವವಾಗಿ ಟೆಕ್ಸಸ್‌ನಲ್ಲಿ ಮತದಾರರು ಪಕ್ಷದ ಸದಸ್ಯರೆಂದು ಮೊದಲೇ ನೋಂದಾಯಿಸಿಕೊಳ್ಳಬೇಕಿಲ್ಲ. ಮತಗಟ್ಟೆಗೆ ಹೋದಾಗ ಎರಡು ಪಕ್ಷಗಳಲ್ಲಿ ಯಾವುದಾದರೂ ಒಂದರ ಮತಪತ್ರ ಕೇಳಿ ಪಡೆಯಬಹುದು. ಹಳ್ಳಿಗಾಡಿನ ಡೆಮಾಕ್ರಟಿಕ್ ಒಲವಿನವರು, ತಮ್ಮ ಶೆರಿಫ್ ಯಾರೆಂಬುದರಲ್ಲಿ ತಮಗೂ ಮಾತಿರಲಿ ಎಂದು, ರಿಪಬ್ಲಿಕನ್ ಮತಪತ್ರವನ್ನೇ ಕೇಳಿ ಪಡೆಯುವುದಿದೆ. ಅದು ಮೋಸವಲ್ಲ, ನನ್ನ ದೃಷ್ಟಿಯಲ್ಲಿ ಅದು ತಿಳಿವಳಿಕೆ.

‘ಪಕ್ಷದೊಳಗಿನ ವಿಷಯ’ ಎಂಬ ಮಾತು ಅಲ್ಲಿ ಎಂಥ ಅನ್ಯಾಯಕ್ಕೆ ಹೊದಿಕೆಯಾಗಿತ್ತು ಎಂಬುದು ನಿಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು. ಇಂದು ರಿಪಬ್ಲಿಕನ್ ಕೋಟೆಯಾಗಿರುವ ಟೆಕ್ಸಸ್ ಹಿಂದೆ ಅಷ್ಟೇ ಗಟ್ಟಿಯಾದ ಡೆಮಾಕ್ರಟಿಕ್ ಕೋಟೆ. ಆಗ ಆ ಪಕ್ಷದ ಪ್ರೈಮರಿಯಲ್ಲಿ ಕಪ್ಪು ಜನರು ಮತ ಹಾಕುವಂತಿರಲಿಲ್ಲ. ಪಕ್ಷವೆಂಬುದು ಖಾಸಗಿ ಸಂಘ, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಅದರ ಇಷ್ಟ ಎಂಬುದು ವಾದ. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಇದನ್ನು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಯ್ದು ಪ್ರಶ್ನಿಸಿದರು. ಅವರ ಪರ ವಾದಿಸಿದ ವಕೀಲರಲ್ಲಿ, ಮುಂದೆ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಇದ್ದರು. ಪ್ರೈಮರಿಯೂ ಚುನಾವಣೆಯ ಭಾಗವೇ, ಅಲ್ಲಿ ಬಣ್ಣ ನೋಡಿ ಜನರನ್ನು ಹೊರಗಿಡುವಂತಿಲ್ಲ ಎಂದು 1944ರಲ್ಲಿ ನ್ಯಾಯಾಲಯ ಹೇಳಿತು.

ಫೋರ್ಟ್ ಬೆಂಡ್ ಎಂಬ ಕೌಂಟಿಯಲ್ಲಿ ಇದಕ್ಕೂ ಒಂದು ಒಳದಾರಿ ಇತ್ತು. 1889ರಿಂದ ಅಲ್ಲಿ ‘ಜೇಬರ್ಡ್’ ಎಂಬ ಹಕ್ಕಿಯ ಹೆಸರಿನ ಸಂಘವೊಂದಿತ್ತು, ಬಿಳಿಯ ಮತದಾರರಿಗೆ ಮಾತ್ರ. ಡೆಮಾಕ್ರಟಿಕ್ ಪ್ರೈಮರಿ ಜುಲೈನಲ್ಲಿ ನಡೆದರೆ, ಜೇಬರ್ಡ್‌ಗಳು ಮೇ ತಿಂಗಳಲ್ಲೇ ತಮ್ಮೊಳಗೆ ಮತದಾನ ಮಾಡಿ ಮುಗಿಸುತ್ತಿದ್ದರು. ಅಲ್ಲಿ ಗೆದ್ದವರು ಜುಲೈನಲ್ಲಿ ನಿಲ್ಲುತ್ತಿದ್ದರು, ಹೆಚ್ಚುಕಡಿಮೆ ಪ್ರತಿ ಸಲವೂ ಎದುರಾಳಿಯೇ ಇಲ್ಲದೆ ಗೆಲ್ಲುತ್ತಿದ್ದರು, ನವೆಂಬರ್‌ನಲ್ಲಿ ಮತ್ತೆ ಗೆಲ್ಲುತ್ತಿದ್ದರು. ಕಪ್ಪು ಮತದಾರರಿಗೆ ಜುಲೈ ಬಾಗಿಲು ತೆರೆದಾಗ ಒಳಗೆ ತೀರ್ಮಾನಿಸಲು ಏನೂ ಉಳಿದಿರುತ್ತಿರಲಿಲ್ಲ. 1953ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ತಡೆಯಿತು. ಸಂಘಕ್ಕೆ ಸರ್ಕಾರದ ಹಣವಿಲ್ಲ, ಸರ್ಕಾರದ ಮತಪತ್ರವಿಲ್ಲ ಎಂಬ ವಾದ ನಿಲ್ಲಲಿಲ್ಲ, ಏಕೆಂದರೆ ಕೌಂಟಿಯನ್ನು ಆಳುವವರು ಯಾರೆಂದು ನಿಶ್ಚಯವಾಗುತ್ತಿದ್ದುದು ಅಲ್ಲೇ. ಇಂದು ಅದೇ ಫೋರ್ಟ್ ಬೆಂಡ್ ಹ್ಯೂಸ್ಟನ್‌ಗೆ ಅಂಟಿಕೊಂಡ ಬಡಾವಣೆಗಳ ಕೌಂಟಿ. ಶುಗರ್ ಲ್ಯಾಂಡ್ ಇರುವುದು ಅಲ್ಲಿ. ಭಾರತ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕನ್ನಡದ ಮನೆಗಳೂ ಇವೆ.

ಎಣಿಕೆಯ ವಿಷಯಕ್ಕೆ ಬರೋಣ. ಹಳ್ಳಿಗಾಡಿನ ಕೌಂಟಿಯ ಒಂದು ಮತಪೆಟ್ಟಿಗೆ ಇಡೀ ದೇಶದ ದಾರಿಯನ್ನೇ ಬದಲಿಸಿದ ಪ್ರಸಂಗವಿದೆ, ಅದೂ ಪಕ್ಷದ ಪ್ರೈಮರಿಯಲ್ಲೇ.

1948ರಲ್ಲಿ ಟೆಕ್ಸಸ್‌ನಿಂದ ಸೆನೆಟ್‌ಗೆ ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ಮಾಜಿ ಗವರ್ನರ್ ಕೋಕ್ ಸ್ಟೀವನ್‌ಸನ್ ಮತ್ತು ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಪೈಪೋಟಿಗಿಳಿದಿದ್ದರು. ಜುಲೈನ ಮೊದಲ ಸುತ್ತಿನಲ್ಲಿ ಸ್ಟೀವನ್‌ಸನ್ ಮುಂದಿದ್ದರೂ ಅರ್ಧಕ್ಕಿಂತ ಹೆಚ್ಚು ಮತ ಸಿಗಲಿಲ್ಲ. ಆಗಸ್ಟ್ 28ರಂದು ಇಬ್ಬರ ನಡುವೆ ಎರಡನೇ ಸುತ್ತು ನಡೆಯಿತು. ಲೆಕ್ಕ ದಿನಗಟ್ಟಲೆ ಎಳೆಯಿತು, ಸ್ಟೀವನ್‌ಸನ್ ಕೂದಲೆಳೆಯಷ್ಟು ಮುಂದಿದ್ದರು. ಮತದಾನ ಮುಗಿದು ಆರು ದಿನಗಳಾದ ಮೇಲೆ ದಕ್ಷಿಣದ ಜಿಮ್ ವೆಲ್ಸ್ ಕೌಂಟಿಯ ಆಲಿಸ್ ಎಂಬ ಸಣ್ಣ ಪಟ್ಟಣದ 13ನೇ ಪೆಟ್ಟಿಗೆಯ ಲೆಕ್ಕ ತಿದ್ದುಪಡಿಯಾಗಿ ಬಂತು. ಹೊಸದಾಗಿ ಸೇರಿದ ಮತಗಳು 202. ಅವುಗಳಲ್ಲಿ 200 ಜಾನ್ಸನ್‌ಗೆ, 2 ಸ್ಟೀವನ್‌ಸನ್‌ಗೆ.

ಆ ಸೀಮೆಯಲ್ಲಿ ಜಾರ್ಜ್ ಪಾರ್ ಎಂಬ ಪಾಳೆಯಗಾರನ ಮಾತೇ ನಡೆಯುತ್ತಿತ್ತು. ಪಕ್ಕದ ಡುವಾಲ್ ಕೌಂಟಿಯ ಹೆಸರು ಸೇರಿಸಿ ಜನ ಅವನನ್ನು ‘ಡುವಾಲ್‌ನ ಡ್ಯೂಕ್’ ಎನ್ನುತ್ತಿದ್ದರು. ಸ್ಟೀವನ್‌ಸನ್ ತಾವೇ ಆಲಿಸ್‌ಗೆ ಹೋದರು, ಜೊತೆಗೆ ‘ಟೆಕ್ಸಸ್ ರೇಂಜರ್ಸ್’ ಎಂಬ ರಾಜ್ಯ ಪೊಲೀಸ್ ಪಡೆಯಲ್ಲಿ ಹೆಸರು ಮಾಡಿದ್ದ ಫ್ರಾಂಕ್ ಹೇಮರ್. ಮತದಾರರ ಪಟ್ಟಿ ಅಲ್ಲಿನ ಬ್ಯಾಂಕಿನಲ್ಲಿತ್ತು. ಸ್ವಲ್ಪ ಹೊತ್ತು ಮಾತ್ರ ನೋಡಲು ಸಿಕ್ಕಿದ ಆ ಪಟ್ಟಿಯ ಕೊನೆಯಲ್ಲಿ ಇನ್ನೂರು ಹೆಸರುಗಳು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿದ್ದವು. ಅದಕ್ಕಿಂತ ಹೆಚ್ಚಾಗಿ, ಆ ಹೆಸರುಗಳು ಅಕಾರಾದಿ ಕ್ರಮದಲ್ಲಿದ್ದವು. ಸಂಜೆ ಮತಗಟ್ಟೆ ಮುಚ್ಚುವ ಹೊತ್ತಿಗೆ ಇನ್ನೂರು ಮಂದಿ ಅಕ್ಷರಮಾಲೆಯಂತೆ ಸಾಲಾಗಿ ಬಂದು ಮತ ಹಾಕಿದರೆಂದು ನಂಬುವುದು ಹೇಗೆ? ತಾವು ಆ ದಿನ ಮತ ಹಾಕಿಯೇ ಇಲ್ಲ ಎಂದವರೂ ಅದರಲ್ಲಿದ್ದರು. ಜಾನ್ಸನ್ ಪಡೆದ ಮತ ಮೊದಲು 765 ಎಂದಿದ್ದುದು 965 ಆಗಿತ್ತು, ಏಳನ್ನು ಒಂಬತ್ತಾಗಿ ತಿದ್ದಿದ್ದಾರೆ ಎಂಬುದು ಆರೋಪ.

ಕೊನೆಯ ಲೆಕ್ಕ ಹೀಗಿತ್ತು: ಜಾನ್ಸನ್ 4,94,191, ಸ್ಟೀವನ್‌ಸನ್ 4,94,104. ಸುಮಾರು ಹತ್ತು ಲಕ್ಷ ಮತಗಳಲ್ಲಿ ಅಂತರ 87. ಪಕ್ಷದ ರಾಜ್ಯ ಸಮಿತಿ ಆ ಫಲಿತಾಂಶವನ್ನು 29–28ರಲ್ಲಿ ಒಪ್ಪಿತು. ಫೆಡರಲ್ ನ್ಯಾಯಾಧೀಶರೊಬ್ಬರು ತಡೆಯಾಜ್ಞೆ ಕೊಟ್ಟರು. ತನಿಖೆಗೆ ಪೆಟ್ಟಿಗೆಗಳನ್ನು ತರಿಸುವ ಹೊತ್ತಿಗೆ ಆ ಪಟ್ಟಿ ಕಾಣೆಯಾಗಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ತಡೆಯಾಜ್ಞೆಯನ್ನು ತೆರವುಗೊಳಿಸಿದರು, ತನಿಖೆ ಅಲ್ಲಿಗೇ ನಿಂತಿತು. ನವೆಂಬರ್‌ನಲ್ಲಿ ರಿಪಬ್ಲಿಕನ್ ಎದುರಾಳಿಯ ವಿರುದ್ಧ ಜಾನ್ಸನ್ ಸುಮಾರು ಮೂರರಲ್ಲಿ ಎರಡು ಭಾಗ ಮತ ಪಡೆದು ಸುಲಭವಾಗಿ ಗೆದ್ದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ: 87 ಮತಗಳ ಕಾದಾಟ ನಡೆದದ್ದು ಪ್ರೈಮರಿಯಲ್ಲಿ, ನವೆಂಬರ್ ಬರೀ ಮುದ್ರೆ ಒತ್ತಿತು. ಆಲಿಸ್‌ನ ಮತಗಟ್ಟೆ ಅಧಿಕಾರಿಯಾಗಿದ್ದ ಲೂಯಿಸ್ ಸಾಲಸ್, ತಾನು ಸುಳ್ಳು ಮತಗಳಿಗೆ ಸಹಿ ಹಾಕಿದ್ದೆ ಎಂದು ಒಪ್ಪಿಕೊಂಡದ್ದು 1977ರಲ್ಲಿ. ಅಷ್ಟರಲ್ಲಿ ಜಾನ್ಸನ್ ಅಧ್ಯಕ್ಷರಾಗಿ, 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾಯ್ದೆಗೆ ಸಹಿ ಹಾಕಿ, ತೀರಿಕೊಂಡೂ ಆಗಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ನನಗೆ ಇಂದಿಗೂ ಕಷ್ಟವಾಗುತ್ತದೆ.

ಈಗ ಹೆಚ್ಚಿನ ಕಡೆ ಎಣಿಕೆ ಯಂತ್ರಗಳಲ್ಲಿ ನಡೆಯುತ್ತದೆ, ಪ್ರತಿ ಹಂತಕ್ಕೂ ದಾಖಲೆಯಿದೆ. ಆದರೂ ರಾತ್ರಿಯ ಅಂಕಿ ಕೊನೆಯ ಅಂಕಿಯಲ್ಲ. ನಿಮ್ಮ ಮಗಳು ಕೌಂಟಿಯ ಫಲಿತಾಂಶದ ಹಾಳೆಯನ್ನು ತೆಗೆದು ನೋಡಿದರೆ ಪ್ರತಿ ಅಭ್ಯರ್ಥಿಯ ಮುಂದೆ ಬಗೆಬಗೆಯ ಮತಗಳ ಲೆಕ್ಕ ಕಾಣುತ್ತದೆ: ಅಂಚೆಯಲ್ಲಿ ಬಂದದ್ದು, ಮತದಾನದ ದಿನಕ್ಕೆ ಮುಂಚಿನ ದಿನಗಳಲ್ಲಿ ಹಾಕಿದ್ದು, ಆ ದಿನ ಹಾಕಿದ್ದು, ಒಟ್ಟು. ‘ಎಲ್ಲ ಮತಗಟ್ಟೆಗಳ ಲೆಕ್ಕ ಬಂದಿದೆ’ ಎಂದು ಬರೆದಿದ್ದರೂ ಹೊರದೇಶದಲ್ಲಿರುವ ಸೈನಿಕರ ಮತ, ಗುರುತಿನ ವಿಷಯದಲ್ಲಿ ತಕರಾರು ಬಂದು ಪಕ್ಕಕ್ಕಿಟ್ಟ ಮತ, ಸಮಯಕ್ಕೆ ಅಂಚೆಗೆ ಬಿದ್ದು ಮರುದಿನ ತಲುಪಿದ ಮತ, ಇವೆಲ್ಲ ಆಮೇಲೆ ಸೇರುತ್ತವೆ. ಕೆಲವು ದಿನಗಳ ನಂತರ ಲೆಕ್ಕವನ್ನು ತಾಳೆ ನೋಡಿ ಅಧಿಕೃತಗೊಳಿಸುತ್ತಾರೆ. ಅಂತರ ಐದಾರು ಮತಗಳಿದ್ದರೆ ಅಲ್ಲಿಯವರೆಗೆ ಯಾರನ್ನೂ ಶೆರಿಫ್ ಎನ್ನಬಾರದು.

ಇನ್ನೂ ಒಂದು ವಿಷಯ. ಟೆಕ್ಸಸ್‌ನ ಪ್ರೈಮರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಬೇಕು. ಮೂವರು ನಿಂತು ಒಬ್ಬರಿಗೆ 410, ಇನ್ನೊಬ್ಬರಿಗೆ 380, ಮತ್ತೊಬ್ಬರಿಗೆ 60 ಬಂತೆಂದು ಇಟ್ಟುಕೊಳ್ಳಿ. ಒಟ್ಟು 850, ಅದರ ಅರ್ಧ 425. ಹಾಗಾಗಿ 410 ಪಡೆದವರು ಗೆದ್ದಿಲ್ಲ. ಮೊದಲ ಇಬ್ಬರು ಮೇ ತಿಂಗಳ ಎರಡನೇ ಸುತ್ತಿಗೆ ಹೋಗುತ್ತಾರೆ. ಆ 60 ಮತದಾರರ ಮನೆಗಳಿಗೆ ಇಬ್ಬರೂ ಎಡತಾಕುತ್ತಾರೆ. ಮಾರ್ಚ್‌ಗಿಂತಲೂ ಕಡಿಮೆ ಜನ ಮೇನಲ್ಲಿ ಬರುವುದು ಸಾಮಾನ್ಯ, ಮೊದಲ ಸುತ್ತಿನಲ್ಲಿ ಹಿಂದಿದ್ದವರು ಗೆದ್ದುಬಿಡುವುದೂ ಇದೆ. ಜಾನ್ಸನ್ ಗೆದ್ದದ್ದೂ ಹಾಗೆಯೇ.

ಆದ್ದರಿಂದ ಮಗಳನ್ನು ಎರಡು ಮಾತು ಕೇಳಿ. ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದಿದೆಯೇ? ನವೆಂಬರ್‌ಗೆ ಬೇರೆ ಪಕ್ಷದಿಂದ ಯಾರಾದರೂ ನಿಂತಿದ್ದಾರೆಯೇ? ಅವಳು ಅಲ್ಲಿನ ಪೌರತ್ವ ಪಡೆದಿದ್ದು, ಎರಡನೇ ಸುತ್ತು ಬಾಕಿ ಇದ್ದರೆ, ಮೇನಲ್ಲಿ ತಪ್ಪದೆ ಹೋಗಲು ಹೇಳಿ. ಮಾರ್ಚ್‌ನಲ್ಲಿ ಒಂದು ಪಕ್ಷದ ಮತಪತ್ರ ಪಡೆದವರು ಮೇನಲ್ಲಿ ಇನ್ನೊಂದು ಪಕ್ಷದ್ದನ್ನು ಕೇಳುವಂತಿಲ್ಲ. ಮಾರ್ಚ್‌ನಲ್ಲಿ ಯಾವ ಕಡೆಗೂ ಮತ ಹಾಕದವರು ಮಾತ್ರ ಆಗಲೂ ತಮಗೆ ಬೇಕಾದ ಪಕ್ಷವನ್ನು ಆರಿಸಿಕೊಳ್ಳಬಹುದು.